ಲಿಂಕರ್ ಭಾವನ ಹಠ
ನಿಮ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕೈಕೊಟ್ಟಾಗ ಇಡೀ ಕಚೇರಿ ಮೊರೆಹೋಗುವುದು ಲಿಂಕರ್ ಭಾವನಿಗೆ; ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸುವ ಲಿಂಕರಿನ ಹೆಸರನ್ನೇ ಕಚೇರಿ ಅವರಿಗೆ ಅಂಟಿಸಿದೆ. ದಂಡಯಾತ್ರೆ ಹೊರಟ ದೊರೆಯಂತೆ ಬರುವ ಭಾವ, ಕುರ್ಚಿಯಲ್ಲಿದ್ದವರನ್ನು ಎಬ್ಬಿಸಿ, ಮೊದಲು ಹಿಂದಿನ ಕಂಪೈಲಿನಲ್ಲಿ, ಅಂದರೆ ಬರೆದದ್ದನ್ನು ಯಂತ್ರದ ನುಡಿಗೆ ತಿರುಗಿಸುವಾಗ, ಉಳಿದ ಕಡತಗಳನ್ನೆಲ್ಲ ಅಳಿಸುತ್ತಾರೆ. "ಎಂಜಲು ತಟ್ಟೇಲಿ ಹೊಸ ಅಡುಗೆ ಬಡಿಸ್ತೀರೇನ್ರೋ?" ಎಂಬುದು ಅವರ ರಣಘೋಷ. ತೆರೆಯ ಮೇಲೆ ಮುನ್ನೂರು ಸಾಲು ದೋಷ ಸುರಿದರೂ ಓದುವುದು ಮೊದಲನೆಯದನ್ನೇ: "ಕೊನೇದು ಬರೀ ಅಳ್ತದೆ, ಚಿವುಟಿದ್ದು ಇದು." ಕಂಪೈಲ್ ಆಯಿತೆಂದು ಯಾರಾದರೂ ಹಿಗ್ಗಿದರೆ, "ಮಾತುಕತೆ ಮುಗಿದಿದೆ ಅಷ್ಟೇ, ಗಂಡು ಇನ್ನೂ ಬಂದಿಲ್ಲ" ಎನ್ನುತ್ತಾರೆ, ಗಂಡೆಂದರೆ ಪ್ರೋಗ್ರಾಂ ಓಡುವಾಗ ಬಂದು ಸೇರಬೇಕಾದ, ಲೈಬ್ರರಿ ಎಂಬ ಸಿದ್ಧ ಕಡತ. ಅಂಥ ಭಾವ ಈ ವಾರ ಮೂರು ದಿನ ರಜೆ ಹಾಕಿ ಮನೆಯಲ್ಲೇ ಕಾದಾಡಿದರು. ಗಂಟಲ ಶಸ್ತ್ರಚಿಕಿತ್ಸೆಯಲ್ಲಿ ಮಾತು ಕಳೆದುಕೊಂಡ ಹೆಂಡತಿ ಟೈಪ್ ಮಾಡಿದ್ದನ್ನು ನುಡಿಯಲೆಂದು ಅವರೇ ಬರೆದ ಪ್ರೋಗ್ರಾಂ, ಹೊಸ ಕಂಪ್ಯೂಟರಿಗೆ ಬಂದದ್ದೇ ದನಿಯ ಲೈಬ್ರರಿಯನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಲೈಬ್ರರಿ ಹಳೆಯ ಮೂವತ್ತೆರಡು ಬಿಟ್‌ನದು, ಪ್ರೋಗ್ರಾಂ ಅರವತ್ತನಾಲ್ಕರದು; ಅಳತೆ ಬೇರೆಯಾದರೆ ಎರಡೂ ಕೂಡುವುದಿಲ್ಲ. "ಬೇರೆ ದನಿ ಹಾಕಿಬಿಡಿ ಭಾವ, ಎರಡು ನಿಮಿಷದ ಕೆಲಸ" ಎಂದರು ಕಚೇರಿಯವರು. "ಲೈಬ್ರರಿ ಮುಟ್ಟಲ್ಲ, ಬೇಕಿದ್ರೆ ಪ್ರೋಗ್ರಾಮೇ ಬಗ್ಗಲಿ" ಎಂದ ಭಾವ, ಇಡೀ ಪ್ರೋಗ್ರಾಮನ್ನು ಮೂವತ್ತೆರಡಕ್ಕೆ ಇಳಿಸಿ ಮತ್ತೆ ಕಟ್ಟಿದರು. ಶಸ್ತ್ರಚಿಕಿತ್ಸೆಗೆ ಮುಂಚೆ ಹೆಂಡತಿಯಿಂದ ವಾರಗಟ್ಟಲೆ ಗಟ್ಟಿಯಾಗಿ ಓದಿಸಿ, ಅವಳದೇ ದನಿ ತುಂಬಿಸಿಟ್ಟ ಲೈಬ್ರರಿ ಅದು; ಇನ್ನೊಂದು ಮಾಡಿಸುವಂತಿರಲಿಲ್ಲ. ಮೂರನೆಯ ಮಧ್ಯಾಹ್ನ ಅವಳು ಟೈಪ್ ಮಾಡಿದಳು, ಕಂಪ್ಯೂಟರು ಅವಳ ದನಿಯಲ್ಲೇ ಗದರಿತು: "ಮೂರು ದಿನದಿಂದ ಅದೇ ಅಂಗಿ. ಏಳ್ರೀ, ಸ್ನಾನ ಮಾಡಿ." ಭಾವ ಏಳಲಿಲ್ಲ. "ಇನ್ನೊಂದ್ಸಲ ಬೈಯಿ" ಎಂದರು, "ಸರಿಯಾಗಿ ಪರೀಕ್ಷೆ ಮಾಡ್ಬೇಕು."