ಸಾಲಿಗೆ ಕೂಡದ ಪತ್ರೆ

ಕನ್ನಡ ನಾಡೆಲ್ಲ ಒಂದಾದ ಮರುವರ್ಷವೇ ಬನವಾಸಿಯಲ್ಲಿ ಗಿರಿಜವ್ವನ ಮನೆ ಎರಡಾಯಿತು. ನಡುವೆ ಗೋಡೆ ಎದ್ದಿತು. ಓರಗಿತ್ತಿ ಪಾರ್ವತವ್ವನ ಹೊಸ್ತಿಲು ತುಳಿಯುವುದಿಲ್ಲ, ಅವಳ ಮನೆಯ ತುತ್ತು ಮುಟ್ಟುವುದಿಲ್ಲ ಎಂದು ಗಿರಿಜವ್ವ ಆಣೆ ಇಟ್ಟಳು. ಅವಳ ಹಟ ಅಂದರೆ ಹಟವೇ. ಅದರ ಮುಂದಿನ ವರ್ಷ ಗಂಡ ವೀರಪ್ಪ ತೀರಿಕೊಂಡ. ಮಕ್ಕಳಿರಲಿಲ್ಲ. ಒಲೆ ಹೊತ್ತಿಸುವುದನ್ನೇ ಬಿಟ್ಟು ಮೂಲೆ ಹಿಡಿದು ಕೂತಳು. ಹೀಗೇ ಬಿಟ್ಟರೆ ಜೀವ ಉಳಿಯುವುದಿಲ್ಲ ಎಂದು ಕೇರಿಯವರೆಲ್ಲ ಮಾತಾಡಿಕೊಂಡರು.

ಆಗ ಪಾರ್ವತವ್ವ ಅತ್ತೆಯ ಕಾಲದ ಹರಕೆಯೊಂದನ್ನು ಹೊತ್ತಳು. ಮೊದಲ ದಿನ ಲಿಂಗಕ್ಕೆ ಒಂದು ಬಿಲ್ವಪತ್ರೆ, ಮರುದಿನ ಎರಡು, ಹೀಗೆ ದಿನಕ್ಕೊಂದು ಹೆಚ್ಚು. ಪತ್ರೆಗಳನ್ನು ತಟ್ಟೆಯಲ್ಲಿ ಸಮ ಸಾಲುಗಳಾಗಿ ಜೋಡಿಸಬೇಕು. ಒಂಟಿ ಸಾಲು ನಡೆಯುವುದಿಲ್ಲ, ಸಾಲಿಗೊಂದೇ ಪತ್ರೆಯೂ ನಡೆಯುವುದಿಲ್ಲ. ಏನು ಮಾಡಿದರೂ ಸಾಲು ಕೂಡದ ದಿನ, ಕೊನೆಯ ಪತ್ರೆಯನ್ನು ನೈವೇದ್ಯದ ಹುಗ್ಗಿಯ ಜೊತೆ ಪಕ್ಕದ ಮನೆಗೆ ಕೊಡಬೇಕು. ಪಕ್ಕದ ಮನೆ ಗಿರಿಜವ್ವನದು! ಓರಗಿತ್ತಿಯ ಅನ್ನ ಬೇಡ ಎನ್ನಬಹುದು, ಪ್ರಸಾದ ಬೇಡ ಎನ್ನಲಾದೀತೇ? ಮೊದಲ ನಾಲ್ಕೈದು ಸಲ ಗಿರಿಜವ್ವ ಮುಖ ತಿರುಗಿಸಿಕೊಂಡೇ ಕೈಯೊಡ್ಡಿದಳು. ಆದರೆ ಹುಗ್ಗಿ ತಿಂದಳು.

ಆಮೇಲೆ ಹಾದಿ ಕಾಯತೊಡಗಿದಳು. ಮುಂದಿನ ಸರದಿ ಯಾವಾಗ ಎಂದು ತಿಳಿಯಲು ಹುಣಸೆಬೀಜ ಹರವಿ ಸಾಲು ಕಟ್ಟಿ ನೋಡಿದಳು. ಇಂದು ಬಂದ ಪಾರ್ವತವ್ವ ನಾಳೆ ಬರುವುದಿಲ್ಲ, ನಾಳೆಯದು ಎರಡು ಸಾಲಾಗಿ ಕೂತುಬಿಡುತ್ತದೆ. ಹನ್ನೊಂದು ಆದ ಮೇಲೆ ಹದಿಮೂರು, ಹದಿನೇಳು ಆದ ಮೇಲೆ ಹತ್ತೊಂಬತ್ತು, ಒಂದೇ ದಿನ ಬಿಟ್ಟು ಬಂದೇಬಿಟ್ಟಳು! ಇನ್ನೇನು ಲೆಕ್ಕ ಸಿಕ್ಕಿತು ಎನ್ನುವಷ್ಟರಲ್ಲಿ ಇಪ್ಪತ್ಮೂರರಿಂದ ಇಪ್ಪತ್ತೊಂಬತ್ತರವರೆಗೆ ನಾಪತ್ತೆ. ಬರಬರುತ್ತ ಬಿಡುವು ಉದ್ದವಾಗುತ್ತಿತ್ತು, ನಡುವೆ ಮತ್ತೆ ಜೋಡಿ ಬಂದು ನಗಿಸುತ್ತಿತ್ತು. ಈ ಹಟಮಾರಿ ಸಂಖ್ಯೆಗಳು ತನ್ನ ಜಾತಿಯವೇ ಅನ್ನಿಸಿ, ಅವಕ್ಕೆ ಮನಸ್ಸಿನಲ್ಲೇ ಕೈ ಮುಗಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಹಸಿವೆ ಹುಟ್ಟಿತ್ತು.

ನೂರ ಹದಿಮೂರಕ್ಕೆ ಪಾರ್ವತವ್ವ ಬಂದುಹೋದಳು. ಗಿರಿಜವ್ವ ಮತ್ತೆ ಬೀಜ ಹರವಿದಳು. ನೂರ ಹದಿನೈದು ಐದು ಸಾಲಿಗೆ ಬಂತು, ನೂರ ಹದಿನೇಳು ಒಂಬತ್ತಕ್ಕೆ, ನೂರ ಹತ್ತೊಂಬತ್ತು ಏಳಕ್ಕೆ. ಹಾಳಾದ್ದು, ನೂರ ಇಪ್ಪತ್ತೇಳು ಬರುವವರೆಗೆ ಒಂದೂ ಬಿಡದೆ ಎಲ್ಲ ಸಾಲಿಗೆ ಕೂತವು. ಹದಿನಾಲ್ಕು ದಿನ! ಒಂದು ವಾರ ಹಲ್ಲು ಕಚ್ಚಿದಳು. ಎಂಟನೆಯ ದಿನ ಬೀಜವನ್ನೆಲ್ಲ ಮೂಲೆಗೆ ತಳ್ಳಿ ಎದ್ದಳು. ಆಣೆ ನೆನಪಾಯಿತು, ಆದರೂ ಗೋಡೆ ಸುತ್ತಿ ಆಚೆ ಮನೆಯ ಹೊಸ್ತಿಲು ದಾಟಿದಳು.

ಪಾರ್ವತವ್ವ ತಟ್ಟೆಯ ಮುಂದೆ ಅಳುತ್ತ ಕೂತಿದ್ದಳು. ತಟ್ಟೆಯಲ್ಲಿ ಹನ್ನೊಂದು ಸಾಲು, ಸಾಲಿಗೆ ಹನ್ನೊಂದು ಪತ್ರೆ.

“ಹರಕಿ ನೂರೆಂಟಕ್ಕ ಮುಗದಿತ್ರಿ ಅಕ್ಕಾ,” ಎಂದಳು. “ನಿಮ್ಮ ಬಾಗಿಲಿಗೆ ಬರಾಕ ನೆವ ಬೇಕಲ್ರಿ, ಅದಕ್ಕ ಏರಿಸ್ಕೋತ ಹೊಂಟೆ. ಸುಳ್ಳು ಪ್ರಸಾದ ಹೆಂಗ ತರ್ಲಿ? ಈಗ ನೋಡ್ರಿ, ದಿನಾ ಸಾಲು ಕೂಡಾಕತ್ತೇತಿ.”

ಗಿರಿಜವ್ವ ತನ್ನ ಜೀವಕ್ಕಾಗಿ ಇಷ್ಟು ಪತ್ರೆ ಕೊಯ್ದ ಕೈಯನ್ನು ಹಿಡಿದು ಅವಳ ಪಕ್ಕದಲ್ಲೇ ಕೂತಳು.

“ಹುಗ್ಗಿ ಬಡಸು, ಪಾರವ್ವಾ. ಪ್ರಸಾದ ಅನಬ್ಯಾಡ. ಊಟ ಅಂತ ಬಡಸು.”