ಮನೆಮಗಳ ಸಹಿ

ಪಡಸಾಲೆಯ ನಡುವೆ ಮೊಣಕಾಲು ಮುಳುಗುವಷ್ಟು ಆಳದ ಕುಣಿ. ಅದರ ಅಂಚಿನ ಕಲ್ಲು ಒಬ್ಬರು ಕೂರುವಷ್ಟು ಅಗಲಕ್ಕೆ ಸವೆದು ನುಣುಪಾಗಿತ್ತು. ಮನೆಯೊಳಗೆ ಗುಂಡಿ ಯಾಕೆಂದು ಕೇಳಿದೆ. ಮಗ್ಗದ ಕುಣಿ, ನೇಯುವವರು ಅಂಚಿನಲ್ಲಿ ಕುಳಿತು ಕಾಲು ಇಳಿಬಿಡುತ್ತಾರೆ ಎಂದರು ಮನೆ ಮಾರುತ್ತಿದ್ದ ಈರಪ್ಪ.

"ಮುಚ್ಚಿಸಿ ಕೊಡ್ತೇನ್ರಿ ಅಕ್ಕೋರ."

ಮೈಸೂರಿನಿಂದ ಇಳಕಲ್ಲಿನ ಕಾಲೇಜಿಗೆ ಪಾಠ ಹೇಳಲು ಬಂದಮೇಲೆ ಅಮ್ಮ ಮತ್ತು ನಾನು ನಾಲ್ಕು ಬಾಡಿಗೆ ಮನೆ ಬದಲಿಸಿದ್ದೆವು. ಗಂಡಸರಿಲ್ಲದ ಸಂಸಾರವೆಂದು ಕೆಲವರು ಬಾಗಿಲಿಂದಲೇ ಕಳಿಸಿದ್ದರು. ಈಗಿನ ಮಾಲೀಕರು ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದರು. ಅಮ್ಮನ ಬಳೆ ಮಾರಿ ಈರಪ್ಪನಿಗೆ ಸಂಚಕಾರ, ಅಂದರೆ ಮುಂಗಡ, ಕೊಟ್ಟೆವು. ನಾವು ಹಿಂದೆ ಸರಿದರೆ ಅದು ಹೋದಂತೆಯೇ.

ಮೈಸೂರಿನ ಕ್ರಯಪತ್ರ ಇಲ್ಲಿ ಖರೀದಿ ಪತ್ರ. ಮನೆ ಯಾರ ಹೆಸರಲ್ಲಿದೆ ಎಂದು ತೋರಿಸುವ ಕಾಗದ ಉತಾರ. ಅದರಲ್ಲಿ ಈರಪ್ಪನ ಹೆಸರೊಂದೇ ಇತ್ತು. ನನಗೆ ಅಷ್ಟು ಸಾಕೆನಿಸಿತು. ಮದುವೆಯಾಗಿ ದೂರದೇಶಕ್ಕೆ ಹೋದ ಗೆಳತಿ ಹೇಳಿದ್ದಳು: ಅಲ್ಲಿ ಮನೆಯ ಒಡೆತನಕ್ಕೂ ವಿಮೆಯಿದೆಯಂತೆ, ಕೊಳ್ಳುವಾಗ ಒಮ್ಮೆ ಹಣ ಕಟ್ಟಿದರೆ, ಮುಂದೆ ಯಾರಾದರೂ ಹಳೆಯ ಹಕ್ಕು ಹೇಳಿಕೊಂಡು ಬಂದಾಗ ಕಂಪನಿಯೇ ವ್ಯಾಜ್ಯ ನಡೆಸಿ ನಷ್ಟ ತುಂಬುತ್ತದೆ. ಇಲ್ಲಿ ಅಂಥದ್ದಿಲ್ಲ. ಇಲ್ಲಿ ಪಕ್ಕದ ಮನೆಯವರು ಕೇಳುತ್ತಾರೆ: "ಮನಿ ಮಗಳ ಉಡಿ ತುಂಬ್ಯಾರೇನ್ರಿ?"

ಗೃಹಪ್ರವೇಶದ ಶಾಸ್ತ್ರವಿರಬೇಕೆಂದುಕೊಂಡು, ತುಂಬುತ್ತೇವೆ ಎಂದಿದ್ದೆ. ಮಾರುವವರು ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಕರೆಸಿ, ಮಡಿಲಿಗೆ ಅಕ್ಕಿ, ಕಾಯಿ, ಖಣ ಹಾಕಿ ಒಪ್ಪಿಗೆ ಪಡೆಯುತ್ತಾರೆಂದು ತಿಳಿದದ್ದು ನೋಂದಣಿಯ ಹಿಂದಿನ ದಿನ.

ಅಂದು ಆ ಮನೆಗೆ ಹೋದಾಗ ಕುಣಿಯಲ್ಲಿ ಕಾಲು ಇಳಿಬಿಟ್ಟು ಒಬ್ಬ ಹೆಂಗಸು ಕುಳಿತಿದ್ದರು, ಪಕ್ಕದಲ್ಲಿ ಬಟ್ಟೆಯ ಗಂಟು. ಈರಪ್ಪನ ಅಕ್ಕ ಶಾಂತವ್ವ. ಬಾದಾಮಿಯ ಅತ್ತೆಮನೆ ಬಿಟ್ಟು ಬಂದಿದ್ದರು.

"ಮದಿವ್ಯಾಗ ಕೊಟ್ಟದ್ದು ಸಾಲಲಿಲ್ಲೇನಬೇ ಯಕ್ಕಾ?" ಎಂದರು ಈರಪ್ಪ.

"ಈ ಕುಣ್ಯಾಗ ಕುಂತು ನೇಯ್ದು ನಿನ್ನ ಸಾಲಿ ಕಲಿಸೇನಿ. ಮನಿ ಮಾರೂ ಮುಂದ ನನ್ನ ಕರಿಬೇಕನಸಲಿಲ್ಲ?"

ಈರಪ್ಪ ನನ್ನ ಕಡೆ ತಿರುಗಿದರು. "ಗಂಡ ಸತ್ತಾಕಿಗೆ ಉಡಿ ತುಂಬೂದಿಲ್ಲಲ್ರಿ. ಅದಕ್ಕ ಕರೀಲಿಲ್ಲ."

"ಗಂಡ ಹ್ವಾದ. ಅವನ ಹಿಂದ ಅಪ್ಪನ ಮನಿನೂ ಹೋತೇನು?" ಎಂದರು ಶಾಂತವ್ವ.

ವಕೀಲರ ಬಳಿ ಓಡಿದೆ. "ಉತಾರದಾಗ ಹೆಣ್ಮಕ್ಕಳ ಹೆಸರು ಏರಸೂದಿಲ್ರಿ," ಎಂದರು ಅವರು. "ಆದ್ರ ಅಪ್ಪನ ಆಸ್ತ್ಯಾಗ ಕಾಯ್ದೆ ಪ್ರಕಾರ ಆಕಿ ಪಾಲೂ ಐತಿ. ಆಕಿ ಸಹಿ ಇಲ್ದ ತಗೋಬ್ಯಾಡ್ರಿ."

ನನ್ನ ಹಿಂದೆಯೇ ಬಂದು ವಕೀಲರ ಬಾಗಿಲಲ್ಲಿ ಕಾಯುತ್ತಿದ್ದ ಈರಪ್ಪ ನಕ್ಕರು. "ಹೆಣ್ಮಕ್ಕಳು ಎಲ್ಲಿ ಕೋರ್ಟ್ ಹತ್ತತಾರ್ರಿ? ನಾಳೆ ಕೂಡೇ ಹುನಗುಂದದ ನೋಂದಣಿ ಕಚೇರಿಗೆ ಹೋಗಿ ಖರೀದಿ ಮುಗಿಸೂಣು."

ಹತ್ತುವುದಿಲ್ಲವೆಂದು ನನಗೂ ಗೊತ್ತಿತ್ತು. ನಾನು ಸಹಿ ಮಾಡಿದರೆ ಶಾಂತವ್ವ ಗಂಟು ಎತ್ತಿಕೊಂಡು ಹೋಗುತ್ತಿದ್ದರು, ನಮಗೊಂದು ಸೂರು ಸಿಗುತ್ತಿತ್ತು. ಮಾಡದಿದ್ದರೆ ಬಳೆಯೂ ಇಲ್ಲ, ಮನೆಯೂ ಇಲ್ಲ.

"ಮೈಸೂರಿಗೇ ಹೋಗಿಬಿಡೋಣ ಕಣೆ," ಎಂದರು ಅಮ್ಮ, ಟ್ರಂಕಿನ ಮೇಲೆ ಕುಳಿತು. ಅಲ್ಲಿ ಅಪ್ಪನ ಮನೆ ಅಣ್ಣನ ಹೆಸರಿಗಾಗಿದೆ. ನನ್ನ ಸಹಿ ಯಾರೂ ಕೇಳಿರಲಿಲ್ಲ. ಕೇಳಬೇಕಿತ್ತೆಂದು ನನಗೂ ಅನಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಹುನಗುಂದದ ಬಸ್ಸು ಹತ್ತಲಿಲ್ಲ. ಆ ಮನೆಗೆ ಹೋಗಿ, ಕಟ್ಟೆಯ ಮೇಲೆ ಕಾಯುತ್ತಿದ್ದ ಈರಪ್ಪನನ್ನು ದಾಟಿ ಒಳಗೆ ನಡೆದು, ಹಿಂದಿನ ಖೋಲಿಯೊಂದನ್ನು ನಮಗೆ ಬಾಡಿಗೆಗೆ ಕೊಡುತ್ತೀರಾ ಎಂದು ಶಾಂತವ್ವನನ್ನು ಕೇಳಿದೆ.