ಡ್ರೈವರ್ ಸೀಟಿನ ತೂಕ

ನನಗೆ ಸಿಟ್ಟು ಬೇಗ ಬರುತ್ತದೆ. ಅದರಲ್ಲೂ ಅಳತೆ ನೋಡುವಾಗ ಯಾರಾದರೂ ಅಲ್ಲಾಡಿದರೆ ಮೈಯೆಲ್ಲ ಉರಿಯುತ್ತದೆ. ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಇಪ್ಪತ್ತು ವರ್ಷ ಕೂದಲೆಳೆಯ ಲೆಕ್ಕದಲ್ಲಿ ಕಬ್ಬಿಣ ಅಳೆದವನು ನಾನು. ದಾವಣಗೆರೆ ಕಡೆಯ ಬಾಯಿ ಬೇರೆ, ಬಂದದ್ದು ಬಂದಂತೆ ಅಂದುಬಿಡುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಭಾನುವಾರ ಫ್ಯಾಕ್ಟರಿಗೆ ರಜೆ. ಅವತ್ತು ನಾನು ಮೇಸ್ತ್ರಿಯ ಶೆಡ್ಡಿಗೆ ಹೋಗುತ್ತಿದ್ದೆ. ಮೇಸ್ತ್ರಿ ಪೀಣ್ಯ ಊರಿನವರೇ, ಫ್ಯಾಕ್ಟರಿಗಳು ಬರುವ ಮುಂಚೆ ಅವರಪ್ಪ ಅಲ್ಲಿ ರಾಗಿ ಬೆಳೆದವರು. ಉಳಿದ ಎರಡು ಗುಂಟೆಯಲ್ಲಿ ತಗಡಿನ ಶೆಡ್ಡು ಹಾಕಿ, ಹಿಂದೆ ಮನೆ, ಮುಂದೆ ಕೆಲಸ. ಹಳೇ ಕಾರುಗಳ ಮುಂಭಾಗ ಬಿಚ್ಚಿ ಕಟ್ಟುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ನನ್ನನ್ನು ಕರೆಯುತ್ತಿದ್ದದ್ದು 'ಇಂಜಿನೇರ್ರು' ಅಂತ. ಡಿಪ್ಲೊಮಾದವನನ್ನು ಹಾಗೆ ಕರೆಯುವುದು ಗೇಲಿ ಅಂತ ಇಬ್ಬರಿಗೂ ಗೊತ್ತಿತ್ತು.

ಆ ಕಾರು ಬಂದದ್ದು ಕುಂದಲಹಳ್ಳಿ ಕಡೆಯ ಅಪಾರ್ಟ್‌ಮೆಂಟಿನವರೊಬ್ಬರಿಂದ. ಅರವತ್ತರ ದಶಕದ ಅಮೆರಿಕದ ಗಾಡಿ, ಎರಡೇ ಬಾಗಿಲು, ಎಂಟು ಸಿಲಿಂಡರು, ಮಂಚದಷ್ಟು ಉದ್ದದ ಬಾನೆಟ್ಟು. ನೇರ ರಸ್ತೆಯಲ್ಲಿ ಹುಲಿ, ತಿರುವು ಬಂದರೆ ಕುಡುಕ. ಮೈ ವಾಲುತ್ತಿದ್ದ ಹಾಗೆ ಹೊರಗಡೆಯ ಚಕ್ರದ ತಲೆಯೂ ಹೊರಕ್ಕೆ ವಾಲಿ, ಟೈರು ಅಂಚಿನ ಮೇಲೆ ನಿಲ್ಲುತ್ತಿತ್ತು. ಪರಿಹಾರ ಏನೆಂದರೆ, ಚಕ್ರವನ್ನು ಮೇಲಿನಿಂದ ಹಿಡಿದಿರುವ ತೋಳಿನ ಬುಡವನ್ನು ಒಂದಿಂಚು ಕೆಳಗೆ ಇಳಿಸಬೇಕು. ಆಗ ಮೈ ವಾಲಿದರೂ ಟೈರು ರಸ್ತೆಗೆ ಪೂರ್ತಿ ಪಾದ ಊರಿ ನಿಲ್ಲುತ್ತದೆ. ಹೊಸ ತೂತು ಕೊರೆಯುವುದಕ್ಕೆ ಅಚ್ಚು ನಾನು ಮಾಡಿದೆ, ಕೊರೆದದ್ದು ಅವರು. ಮೂರು ಭಾನುವಾರ ಹಿಡಿಯಿತು.

ಉಳಿದದ್ದು ಕೊನೆಯ ಅಳತೆ, ಚಕ್ರಗಳು ಎಷ್ಟು ವಾಲಿವೆ, ಎತ್ತ ತಿರುಗಿವೆ ಅಂತ ನೋಡಿ ಸರಿಪಡಿಸುವ ಅಲೈನ್‌ಮೆಂಟ್. ಇದಕ್ಕೆ ಮೇಸ್ತ್ರಿಯದು ಒಂದು ಪದ್ಧತಿ. ಗಾಡಿ ಖಾಲಿ ಇರುವಾಗ ಅಳತೆ ನೋಡಬಾರದು, ಓಡಿಸುವವನ ತೂಕ ಸೀಟಿನ ಮೇಲಿರಬೇಕು. ಬೇರೆಯವರು ಮರಳಿನ ಮೂಟೆ ಇಡುತ್ತಾರೆ, ಇವರು ಮೂಟೆ ಮುಟ್ಟುತ್ತಿರಲಿಲ್ಲ. "ಗಾಡಿ ಓಡ್ಸೋನು ಮನ್ಸ ಕಣಯ್ಯ, ಮೂಟೆ ಅಲ್ಲ" ಅಂತ ತಾವೇ ಹತ್ತಿ ಕೂರುತ್ತಿದ್ದರು. ಪಕ್ಕದ ಗುಜರಿ ಅಂಗಡಿಯ ತಕ್ಕಡಿಯಲ್ಲಿ ಓನರನ್ನೂ ನಿಲ್ಲಿಸಿ, ತಾವೂ ನಿಂತು ನೋಡಿದ್ದರು. ಒಂದು ಕಿಲೋ ವ್ಯತ್ಯಾಸ. "ಮಧ್ಯಾಹ್ನದ ಮುದ್ದೆ ಬಿಟ್ರೆ ಸರಿಯಾಯ್ತದೆ" ಅಂದಿದ್ದರು.

ಆ ಭಾನುವಾರ ಮಧ್ಯಾಹ್ನ ಅವರು ಸೀಟಿನಲ್ಲಿ, ನಾನು ಗಾಡಿಯ ಅಡಿಯಲ್ಲಿ ಅಂಗಾತ. ಗಾಡಿಯನ್ನು ನಾಲ್ಕು ಕಾಂಕ್ರೀಟ್ ದಿಂಡುಗಳ ಮೇಲೆ ಎತ್ತರಕ್ಕೆ ಇಟ್ಟಿದ್ದೆವು. ಗಾಡಿಯ ಮೈ ಎಷ್ಟು ಅಲ್ಲಾಡುತ್ತದೆ ಅಂತ ತಿಳಿಯುವುದಕ್ಕೆ ನಾನು ಟೂಲ್ ರೂಮಿನ ಡಯಲ್ ಗೇಜ್ ಒಂದನ್ನು ಅಡಿಗೆ ಸಿಕ್ಕಿಸಿದ್ದೆ. ಗಡಿಯಾರದಂಥ ಮುಖ, ಒಂದು ಸೂಜಿ. ಬಲು ಸೂಕ್ಷ್ಮ. ಅವರು ಉಸಿರಾಡಿದರೂ ಸೂಜಿ ಒಂದು ಗೆರೆ ಆ ಕಡೆ ಈ ಕಡೆ ನಡುಗುತ್ತಿತ್ತು.

ಅವರೋ ಸುಮ್ಮನೆ ಕೂರುವ ಜಾತಿಯಲ್ಲ. ನಾನು ಅಡಿಗೆ ಹೋಗುವ ಮುಂಚಿನಿಂದಲೂ ಎಲೆ ಅಡಿಕೆ ಉಗಿಯಲು ಬಗ್ಗುವುದು, ಬೆನ್ನು ಕೆರೆಯುವುದು, ಎದೆ ನೀವಿಕೊಳ್ಳುವುದು. ಸೂಜಿ ಕುಣಿಯುತ್ತಿತ್ತು.

"ಏನ್ರೀ ಅದು, ಇರಿವೆ ಬಿಟ್ಟಾರೇನ್ರಿ ಸೀಟಿಗೆ? ಸುಮ್ನೆ ಕುಂದ್ರಿ" ಅಂದೆ.

"ಎದೆ ಯಾಕೋ ಉರೀತದೆ ಕಣಯ್ಯ. ಉಳಿತೇಗು."

"ಇನ್ನೊಂದ್ಸಲ ಅಲ್ಲಾಡಿದ್ರೆ ನಿಮ್ಮನ್ನ ಇಳಿಸಿ ಮೂಟೆ ಇಡ್ತೀನಿ, ನೋಡ್ರಿ ಮತ್ತೆ."

"ಆಯ್ತಪ್ಪ ಇಂಜಿನೇರ್ರೆ, ಅಲ್ಲಾಡಕಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಸೂಜಿ ನಿಂತಿತು. ಆ ಸಣ್ಣ ನಡುಕವೂ ನಿಂತಿತು. ಇಷ್ಟು ದಿನಕ್ಕೆ ಬುದ್ಧಿ ಬಂತಲ್ಲ ಅಂತ ಅಂದೆ, ಅವರು ಉತ್ತರ ಕೊಡಲಿಲ್ಲ. ಮುನಿಸಿಕೊಂಡರು ಅಂದುಕೊಂಡೆ. ಮುನಿಸಿಕೊಂಡರೆ ಅರ್ಧ ದಿನ ಮಾತಾಡದವರು ಅವರು. ನಾನು ಖುಷಿಯಾಗಿ ಕೆಲಸ ಮುಂದುವರಿಸಿದೆ. ಒಂದೊಂದು ಅಳತೆಯೂ ಕೇಳಿದ ಹಾಗೆ ಬರುತ್ತಿತ್ತು. ಟೂಲ್ ರೂಮಿನ ಚಾಳಿಯಂತೆ ಪ್ರತಿ ಅಳತೆಯ ಪಕ್ಕದಲ್ಲಿ ಹೊತ್ತು ಬರೆದು, ಸೂಜಿ ಹೇಗಿದೆ ಅಂತಲೂ ಬರೆಯುತ್ತಾ ಹೋದೆ. ಮೂರು ಐದು, ನಡುಕ. ಮೂರು ಇಪ್ಪತ್ತು, ಸ್ಥಿರ. ಮೂರು ನಲವತ್ತು, ಸ್ಥಿರ. ನಾಲ್ಕು ಗಂಟೆ, ಸ್ಥಿರ. ಕೊನೆಯ 'ಸ್ಥಿರ'ದ ಕೆಳಗೆ ಗೆರೆ ಎಳೆದೆ.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಾ "ಇಳೀರಿ, ಆತು" ಅಂದೆ. ಅವರ ತಲೆ ಕಿಟಕಿಯ ಕಂಬಕ್ಕೆ ಒರಗಿತ್ತು. ಎಲೆ ಅಡಿಕೆಯ ರಸ ಗದ್ದದ ಮೇಲೆ ಇಳಿದು ಒಣಗಿತ್ತು. ಎರಡು ಕೈಯೂ ತೊಡೆಯ ಮೇಲೆ ಹಾಗೇ ಇದ್ದವು. ನಾನು ಭುಜ ಹಿಡಿದು ಅಲುಗಿಸಿದೆ. ಮೈ ಆಗಲೇ ತಣ್ಣಗಾಗುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಎಷ್ಟು ಹೊತ್ತಾಯಿತು ಅಂತ ಕೇಳಿದರು. "ಈಗಷ್ಟೇ ಸಾರ್" ಅಂದೆ. ಅವರು ನನ್ನ ಮುಖ ನೋಡಿ, ಚೀಟಿ ಬರೆಯತೊಡಗಿದರು. ಮನೆಗೆ ಬಂದಾಗ, ಅವತ್ತು ಮದುವೆಗೆಂದು ಹೊರಗೆ ಹೋಗಿದ್ದ ಮೇಸ್ತ್ರಿಯ ಹೆಂಡತಿ, ನಾನು ಅಕ್ಕ ಅಂತ ಕರೆಯುವವರು, ಒಂದೇ ಮಾತು ಕೇಳಿದರು. "ಪ್ರಾಣ ಓಗೋವಾಗ ಒಬ್ರೇ ಇದ್ರಾ?" ನಾನು ತಡಮಾಡಲಿಲ್ಲ. "ಇಲ್ಲ ಅಕ್ಕ, ನಾನು ಪಕ್ಕದಾಗೇ ಇದ್ದೆ. ಕೈ ಹಿಡ್ಕೊಂಡಿದ್ದೆ. ಒಂದು ನಿಮಿಷದಾಗೆ ಹೋಗಿಬಿಟ್ರು" ಅಂದೆ. ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಆಕೆ ಆ ಮಾತನ್ನು ಹಿಡಿದು ಬದುಕಿದರು. ತಿಥಿಗೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವ್ನ ಕೈ ಇಡ್ಕಂಡೇ ಓದ್ರು, ಒಂಟಿಯಾಗಿ ಓಗ್ನಿಲ್ಲ" ಅನ್ನುತ್ತಿದ್ದರು. ಯುಗಾದಿಗೆ ನನ್ನ ಮನೆಗೆ ಒಬ್ಬಟ್ಟು ಕಳಿಸಿದರು. ನಾನು ಅದನ್ನು ಮುಟ್ಟಲಿಲ್ಲ. ಹೆಂಡತಿ ಯಾಕೆ ಅಂತ ಕೇಳಿದರೆ ತುಪ್ಪ ಜಾಸ್ತಿ ಅಂತ ಸಿಡುಕಿದೆ.

ಓನರ್ ಫೋನ್ ಮಾಡಿದ್ದರು. ಸಂತಾಪ ಹೇಳಿದ ಮೇಲೆ, ಗಾಡಿ ಈಗ ತಿರುವಿನಲ್ಲಿ ಗೆರೆ ಎಳೆದ ಹಾಗೆ ಹೋಗುತ್ತದೆ ಅಂದರು. ಇಂಥ ಅಲೈನ್‌ಮೆಂಟ್ ಎಲ್ಲೂ ಸಿಗಲ್ಲ ಅಂದರು. ಸತ್ತವರ ತೂಕದ ಮೇಲೆ ಹಿಡಿದ ಅಳತೆ ಅದು ಅಂತ ಅವರಿಗೆ ಹೇಗೆ ಹೇಳಲಿ? ನಾನು ಥ್ಯಾಂಕ್ಸ್ ಸಾರ್ ಅಂದೆ.

ಶೆಡ್ಡಿನ ಕೆಲಸ ನಿಲ್ಲಿಸಬೇಡ ಅಂತ ಅಕ್ಕನೇ ಹೇಳಿದ್ದರಿಂದ ಭಾನುವಾರ ಹೋಗುತ್ತಲೇ ಇದ್ದೆ. ಆದರೆ ಮೊದಲಿನ ಹಾಗಲ್ಲ. ಮರಳಿನ ಮೂಟೆ ಇಟ್ಟು ಗಾಡಿಯ ಅಡಿಗೆ ಹೋದರೆ ಸೂಜಿ ನಿಂತಿರುತ್ತದೆ. ನಿಂತ ಸೂಜಿ ನೋಡಿದರೆ ನನಗೆ ಬೆವರು. ಅದು ಮೂಟೆ, ಉಸಿರಾಡುವುದಿಲ್ಲ ಅಂತ ಗೊತ್ತಿದ್ದೂ ತೆವಳಿಕೊಂಡು ಹೊರಗೆ ಬಂದು ಸೀಟು ನೋಡುತ್ತೇನೆ. ಮತ್ತೆ ಒಳಗೆ ಹೋಗುತ್ತೇನೆ, ಮತ್ತೆ ಬರುತ್ತೇನೆ. ಕೆಲವು ಸಲ ಅಡಿಯಲ್ಲಿ ಮಲಗಿದಾಗ ಮೇಲೆ ಸೀಟಿನ ಸ್ಪ್ರಿಂಗು ಕಿರ್ ಅನ್ನುತ್ತದೆ. ಎಲೆ ಅಡಿಕೆಯ ವಾಸನೆ ಬರುತ್ತದೆ. ಇವೆಲ್ಲ ನನ್ನ ಮನಸ್ಸಿನ ಆಟ ಇರಬಹುದು. ಆದರೂ "ಅಲ್ಲಾಡ್ರಿ ಮೇಸ್ತ್ರಿ" ಅಂತ ಎಷ್ಟೋ ಸಲ ಬಾಯಿಬಿಟ್ಟು ಕೇಳಿಕೊಂಡಿದ್ದೇನೆ.

ಹೋದ ವರ್ಷ ಆ ಗಾಡಿ ಹೊಸ ಟೈರು ಹಾಕಿಸಿಕೊಂಡು ಮತ್ತೆ ಅಳತೆಗೆ ಬಂತು. ಅದೇ ದಿಂಡುಗಳ ಮೇಲೆ ಹತ್ತಿಸಿ, ಗೇಜ್ ಸಿಕ್ಕಿಸಿ, ಸೀಟಿನ ಮೇಲೆ ಮೂಟೆ ಇಟ್ಟಿದ್ದೆ. ಅಕ್ಕ ಹಿಂದಿನ ಮನೆಯಿಂದ ಬಂದು ಬಾಗಿಲ ಹತ್ತಿರ ನಿಂತರು.

"ಇದೇ ಗಾಡಿನಾ?"

"ಹೌದಕ್ಕ."

"ಒಂದ್ಗಳಿಗೆ ಕುಂತ್ಕತೀನಿ. ಮೂಟೆ ತಗೀ."

ಮೂಟೆ ಇಳಿಸಿ ಸ್ಟೂಲು ಹಾಕಿಕೊಟ್ಟೆ. ಆಕೆ ಸೆರಗು ಹೊದ್ದು ಹತ್ತಿ ಕೂತು, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು, ಆ ಉದ್ದದ ಬಾನೆಟ್ಟನ್ನು ನೋಡುತ್ತಾ ಇದ್ದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಏನೋ ಕೆಲಸವಿದ್ದವನ ಹಾಗೆ ಅಡಿಗೆ ಹೋದೆ. ಸೂಜಿ ಒಂದು ಗೆರೆ ಆ ಕಡೆ, ಒಂದು ಗೆರೆ ಈ ಕಡೆ ಮೆಲ್ಲಗೆ ನಡುಗುತ್ತಿತ್ತು. ಅದನ್ನು ನೋಡಿ ನಾನು ಅತ್ತೆ. ಸದ್ದು ಮಾಡದೆ ಅತ್ತೆ ಅಂದುಕೊಂಡಿದ್ದೆ.

"ಎಲ್ಲಿದೀಯ? ಇಲ್ಲಿಂದ ನೀನು ಕಾಣಾಕಿಲ್ವಲ್ಲ" ಅಂದರು ಮೇಲಿನಿಂದ.

"ಅಡಿಯಾಗಿದ್ದೀನಿ ಅಕ್ಕ. ಅವತ್ತೂ ಅಡಿಯಾಗೇ ಇದ್ದೆ."

ಆಕೆಯ ಮುಖ ನೋಡಿಕೊಂಡು ನನ್ನಿಂದ ಹೇಳಲು ಆಗುತ್ತಿರಲಿಲ್ಲ. ಅಂಗಾತ ಮಲಗಿ, ಮೇಲಿನ ಕಬ್ಬಿಣ ನೋಡಿಕೊಂಡು ಎಲ್ಲ ಹೇಳಿದೆ. ಎದೆ ಉರೀತದೆ ಅಂದದ್ದು, ನಾನು ಬೈದದ್ದು, ಅಲ್ಲಾಡಕಿಲ್ಲ ಅಂತ ಅವರು ಒಪ್ಪಿಕೊಂಡದ್ದು, ಸೂಜಿ ನಿಂತದ್ದು, ನಲವತ್ತು ನಿಮಿಷ ನಾನು ಅಳತೆ ಬರೆದದ್ದು. ಕೈ ಹಿಡಿದಿರಲಿಲ್ಲ ಅಂತಲೂ ಹೇಳಿದೆ.

ಆಮೇಲೆ ಆಕೆ ಸ್ಟೂಲಿನ ಮೇಲೆ ಕಾಲಿಟ್ಟು ಇಳಿದರು. ನಾನೂ ಹೊರಗೆ ಬಂದು ಎದ್ದು ನಿಂತೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿ ಅಂತ ಕಾಯುತ್ತಿದ್ದೆ. ಆಕೆಯ ದನಿ ಯಾವಾಗಿನ ಹಾಗೇ ಇತ್ತು.

"ನಲವತ್ ನಿಮ್ಸ. ಒಂದ್ಸಲ ಎದ್ ನೋಡಕ್ಕಾಗ್ನಿಲ್ವ ನಿಂಗೆ?"

ಮುನಿಸಿಕೊಂಡಿದ್ದಾರೆ ಅಂದುಕೊಂಡೆ ಅನ್ನಬಹುದಿತ್ತು. ಅಡಿಯಿಂದ ಕಾಣುತ್ತಿರಲಿಲ್ಲ ಅನ್ನಬಹುದಿತ್ತು. ಎರಡೂ ನಿಜವೇ. ಆದರೆ ಇನ್ನೊಂದು ಸಲ ಅವರಿಗೆ ಅರ್ಧ ಸತ್ಯ ಹೇಳಲು ಮನಸ್ಸು ಬರಲಿಲ್ಲ.

"ಅಳತೆ ಚೆನ್ನಾಗಿ ಬರ್ತಿತ್ತು ಅಕ್ಕ" ಅಂದೆ.